ನಿಮಗಿದು ಗೊತ್ತೆ? ಚರ್ಚಿಗೆ ಕಾಡೇ ಉಡುಗೆ

ಉತ್ತರ ಇಥಿಯೋಪಿಯಾವನ್ನು ಉಪಗ್ರಹ ಚಿತ್ರದಲ್ಲಿ ನೋಡಿದರೆ ಕಂದು ಹೊಲಗಳ ಮೇಲೆ ಅಲ್ಲಲ್ಲಿ ಹಸಿರು ಬೊಟ್ಟು ಇಟ್ಟಂತೆ ಕಾಣುತ್ತದೆ. ಆ ಬೊಟ್ಟಿನ ನಟ್ಟನಡುವೆ ಒಂದು ದುಂಡನೆಯ ಚರ್ಚು! 4ನೇ ಶತಮಾನದಲ್ಲೇ ಕ್ರೈಸ್ತಧರ್ಮ ಬೇರುಬಿಟ್ಟ ನಾಡಿದು. ಸುತ್ತಲಿನ ಕಾಡೆಲ್ಲ ಉಳುಮೆಗೆ, ಸೌದೆಗೆ ಕರಗಿಹೋದರೂ ತೆವಾಹೆಡೊ ಆರ್ಥಡಾಕ್ಸ್ ಎಂಬ ಇಲ್ಲಿನ ಕ್ರೈಸ್ತ ಪಂಥದ ಚರ್ಚುಗಳ ತೋಪುಗಳು ಉಳಿದಿವೆ. ಮರಗಳೇ ಚರ್ಚಿನ ಉಡುಗೆ, ಈ ತೋಪು ಏದೆನ್ ತೋಟದ ತುಣುಕು ಎಂದು ಭಕ್ತರು ನಂಬುತ್ತಾರೆ. ಕಾಡು ಆಲಿವ್, ಜುನಿಪರ್ ಮರಗಳ ನೆರಳಲ್ಲಿ ಮಂಗಗಳು, ಹಕ್ಕಿಗಳು, ಜೊತೆಗೆ ಪ್ರಾರ್ಥನೆಯ ದನಿ.

ಕೊಡಲಿಗೆ ಬಗ್ಗದ ಈ ಕಾಡಿಗೆ ದನಗಳ ಕಾಟ ಮಾತ್ರ ತಪ್ಪಲಿಲ್ಲ. ಸಸಿ ಚಿಗುರಿದರೆ ಸಾಕು, ಮೇಯ್ದುಬಿಡುತ್ತಿದ್ದವು. ಸ್ಥಳೀಯ ವಿಜ್ಞಾನಿ ಅಲೆಮಾಯೆಹು ವಾಸ್ಸಿ, ಅಮೆರಿಕದ ವಿಜ್ಞಾನಿ ಮಾರ್ಗರೆಟ್ ಲೋಮನ್ ಇದಕ್ಕೊಂದು ದಾರಿ ಹುಡುಕಲು ಪಾದ್ರಿಗಳ ಜತೆ ಕೂತು ಮಾತಾಡಿದರು. ಊರವರು ತಮ್ಮ ಹೊಲದ ಕಲ್ಲುಗಳನ್ನೇ ಆರಿಸಿ ತಂದು, ಗಾರೆಯಿಲ್ಲದೆ ಪೇರಿಸಿ ತೋಪಿನ ಸುತ್ತ ಗೋಡೆ ಎಬ್ಬಿಸಿದರು. ಹೊಲ ಹಸನಾಯಿತು, ಸಸಿಗೂ ಕಾವಲು ಸಿಕ್ಕಿತು. ಸ್ವಾಮಿಕಾರ್ಯ, ಸ್ವಕಾರ್ಯ ಎರಡೂ! ಕೆಲವೆಡೆ ಗೋಡೆಯನ್ನು ಕಾಡಿನ ಅಂಚಿಗಿಂತ ತುಸು ಆಚೆಗೇ ಕಟ್ಟಿದ್ದಾರೆ, ಮರಗಳು ಅಲ್ಲಿಯವರೆಗೂ ಹಬ್ಬಲಿ ಎಂದು.