ರೆಕ್ಕೆಯನ್ನೇ ಕಾಣದ ಜಿಪಿಎಸ್

"ಹೊರಗೆ ಬನ್ನಿ ಸಾರ್, ತಗಡಿನ ಕೆಳಗೆ ಇದಕ್ಕೆ ಸ್ಯಾಟಲೈಟ್ ಸಿಗಲ್ಲ" ಎಂದು ಬೆಂಗಳೂರಿನ ಜಕ್ಕೂರು ವಿಮಾನಾಂಗಣದ ಹ್ಯಾಂಗರಿನಿಂದ ನನ್ನನ್ನು ಬಿಸಿಲಿಗೆ ಎಳೆದರು ಒಬ್ಬ ನಿವೃತ್ತ ಪೈಲಟ್. ಕೈಯಲ್ಲಿ ಹಳೇ ಗಾರ್ಮಿನ್ ಜಿಪಿಎಸ್‌ಮ್ಯಾಪ್ 196. ಕಪ್ಪು-ಬಿಳುಪು ಪರದೆ, ನಾಲ್ಕು ಪೆನ್ಸಿಲ್ ಸೆಲ್. ನಕ್ಷೆ ದಾಟಿಸಿ ಒಂದು ಪುಟ ತೆರೆದರು. ಕಾಕ್‌ಪಿಟ್ಟಿನ ಡಯಲ್‌ಗಳೇ ಅಲ್ಲಿ ಪುಟಾಣಿಯಾಗಿ ಕೂತಿದ್ದವು: ದಿಕ್ಕು, ವೇಗ, ಎತ್ತರ, ತಿರುವು. ಉಳಿದದ್ದೆಲ್ಲ ನನಗೆ ಬೇಡವಾಯಿತು.

ಏಕೆಂದರೆ ಈ ಡಬ್ಬಿಯೊಳಗೆ ಗೈರೋ ಇಲ್ಲ, ಹೊರಗಿನ ಗಾಳಿ ಅಳೆಯುವ ಕೊಳವೆಯ ಸಂಪರ್ಕವೂ ಇಲ್ಲ. ಅದಕ್ಕೆ ತಿಳಿಯುವುದು ಈ ಕ್ಷಣ ಎಲ್ಲಿದ್ದೇವೆ, ಯಾವ ಕಡೆ, ಎಷ್ಟು ವೇಗವಾಗಿ ಸಾಗುತ್ತಿದ್ದೇವೆ ಎಂಬುದಷ್ಟೇ. 90 ನಾಟ್ ವೇಗದಲ್ಲಿ ದಾರಿ ಸೆಕೆಂಡಿಗೆ 3 ಡಿಗ್ರಿ ಬಾಗುತ್ತಿದೆಯೇ? ಹಾಗಾದರೆ ಪೈಲಟ್ ಅಚ್ಚುಕಟ್ಟಾಗಿ ತಿರುಗಿಸುತ್ತಿದ್ದಲ್ಲಿ ರೆಕ್ಕೆ ಸುಮಾರು 14 ಡಿಗ್ರಿ ವಾಲಿರಲೇಬೇಕು. ಇಂಥ ಲೆಕ್ಕದಿಂದಲೇ ತಿರುವಿನ ಚಿತ್ರ ಮೂಡುತ್ತದೆ. ರಡ್ಡರ್ ಒದ್ದು ಮೂತಿಯನ್ನು ಅತ್ತಿತ್ತ ಅಲ್ಲಾಡಿಸಿದರೆ ದಾರಿ ಅಷ್ಟಾಗಿ ಬದಲಾಗದು, ಡಬ್ಬಿಗೆ ಸುಳಿವೂ ಸಿಗದು. ಮುಖ ನೋಡದೆ ಹೆಜ್ಜೆಗುರುತಿನಲ್ಲೇ ಕುಂಟು ಹೇಳುವ ಹಳ್ಳಿಯ ಜಾಣನಂತೆ!

ಜಿಪಿಎಸ್ಸಿನ ಚರಿತ್ರೆ ಗೊತ್ತಿರುವುದೇ. 1983ರಲ್ಲಿ ದಾರಿ ತಪ್ಪಿದ ಕೊರಿಯನ್ ವಿಮಾನವನ್ನು ಸೋವಿಯತ್ ಪಡೆ ಹೊಡೆದುರುಳಿಸಿ 269 ಮಂದಿ ಸತ್ತ ಮೇಲೆ, ಅಮೆರಿಕದ ಅಧ್ಯಕ್ಷ ರೇಗನ್ ಅದನ್ನು ನಾಗರಿಕರಿಗೂ ಕೊಡುವ ಮಾತಾಡಿದರು. ಆದರೆ ಅಮೆರಿಕ ಬೇಕೆಂದೇ ಬೆರೆಸಿದ್ದ, ನೂರು ಮೀಟರ್‌ವರೆಗಿನ ತಪ್ಪು ತೊಲಗಿದ್ದು 2000ದ ಮೇನಲ್ಲಿ. ಈ 196 ಬಂದದ್ದು ಅದಾದ ಎರಡು ವರ್ಷಕ್ಕೆ.

ಮೆಚ್ಚುಗೆ ಇದ್ದರೂ ಅದರ ವೇಗದ ಡಯಲನ್ನು ನಾನು ನಂಬಲಾರೆ. ಅದು ನೆಲದ ಮೇಲಿನ ವೇಗ. ಹಿಂದಿನಿಂದ 15 ನಾಟ್ ಗಾಳಿ ಬೀಸುವಾಗ ಪರದೆಯಲ್ಲಿ 55 ಕಂಡರೆ, ರೆಕ್ಕೆಗೆ ಸಿಗುವುದು ಬರೀ 40. ಪುಟ್ಟ ಸೆಸ್ನಾ 152 ವಿಮಾನ ಸ್ಟಾಲ್ ಆಗುವುದು, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದು, ಅಲ್ಲೇ ಆಸುಪಾಸಿನಲ್ಲಿ. ಎತ್ತರದ್ದೂ ಇದೇ ಪಾಡು. ಪಕ್ಕದಲ್ಲಿ ಯಲಹಂಕ ವಾಯುನೆಲೆ, ಉತ್ತರಕ್ಕೆ ಕೆಂಪೇಗೌಡ ವಿಮಾನ ನಿಲ್ದಾಣ. ಇಲ್ಲಿ ವಿಮಾನಗಳನ್ನು ಮೇಲೆ-ಕೆಳಗೆ ಬೇರ್ಪಡಿಸುವುದು ಗಾಳಿಯ ಒತ್ತಡ ಓದುವ ಆಲ್ಟಿಮೀಟರ್. ಸೆಖೆಯ ದಿನ ಡಬ್ಬಿಯ ಅಂಕಿ ಅದಕ್ಕೆ ತಾಳೆಯಾಗದು.

ಹೀಗಾಗಿ ನಿಯಮದ ಕಣ್ಣಲ್ಲಿ ಇದು ಪೈಲಟ್ಟಿನ ಜೇಬಿನ ಸಾಮಾನು, ವಿಮಾನದ ಉಪಕರಣವಲ್ಲ. ಆದರೂ ಮೋಡದೊಳಗೆ ಗೈರೋ ತಿರುಗಿಸುವ ವ್ಯಾಕ್ಯೂಮ್ ಪಂಪ್ ಕೈಕೊಟ್ಟು ದಿಗಂತ ತೋರಿಸುವ ಗೈರೋ ಸತ್ತರೆ, ಸ್ವಂತ ಸೆಲ್ಲಿನ ಈ ಡಬ್ಬಿ ತಿರುವು ತೋರಿಸುತ್ತಲೇ ಇರುತ್ತದೆ. ಈಗಿನವರು ಟ್ಯಾಬ್ಲೆಟ್ ತರುತ್ತಾರಲ್ಲ ಎಂದೆ. "ಬಿಸಿಲಿಗೆ ಕಾದು ಆಫ್ ಆಗ್ತವೆ ಸಾರ್, ಆಮೇಲೆ ಕಿಟಕಿಯಿಂದ ಕೆರೆ ಹುಡುಕ್ತಾರೆ" ಎಂದು ನಕ್ಕರು.