ಒಣಗಿದ ಕಣ್ಣಿನಲ್ಲಿ ನೀರೇಕೆ?

ಪ್ರಶ್ನೆ: ಬೆಟಗೇರಿಯಲ್ಲಿ ನನ್ನದು ಮಗ್ಗದ ಕೆಲಸ. ಕಣ್ಣು ಉರಿಯುತ್ತದೆ, ಗಾಳಿಗೆ ಹೋದರೆ ನೀರು ಸುರಿಯುತ್ತದೆ. ಡಾಕ್ಟರು ‘ಕಣ್ಣು ಒಣಗಿದೆ’ ಎಂದರು. ಇದು ಹೇಗೆ?

ಉತ್ತರ: ಡಾಕ್ಟರು ಹೇಳಿದ್ದು ಸರಿ. ಕಣ್ಣೀರು ಬರೀ ನೀರಲ್ಲ. ಅದರ ತಳದಲ್ಲಿ ಲೋಳೆ, ಮೇಲೆ ತೆಳುವಾದ ಎಣ್ಣೆಯ ಪದರ ಇರುತ್ತದೆ. ಎಣ್ಣೆ ಬರುವುದು ರೆಪ್ಪೆಯಂಚಿನ ಸಣ್ಣ ಗ್ರಂಥಿಗಳಿಂದ. ಅವು ಕಟ್ಟಿಕೊಂಡರೆ ನೀರು ಬೇಗ ಆರಿಹೋಗುತ್ತದೆ. ಕೆರಳಿದ ಕಣ್ಣು ಆಗ ಒಮ್ಮೆಲೇ ನೀರು ಸುರಿಸುತ್ತದೆ. ಆ ನೀರು ಕಣ್ಣಿನ ಮೇಲೆ ನಿಲ್ಲದೆ ಕೆನ್ನೆಗಿಳಿಯುತ್ತದೆ, ಉರಿ ಹಾಗೇ ಉಳಿಯುತ್ತದೆ.

ನಮ್ಮ ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯ ಒಣಹವೆ, ಬೇಸಿಗೆಯ ಧೂಳು ಇದನ್ನು ಹೆಚ್ಚಿಸುತ್ತವೆ. ನಿಮಗಂತೂ ಎಳೆ ದಿಟ್ಟಿಸುವ ಕೆಲಸ. ನಿಮಿಷಕ್ಕೆ ಸುಮಾರು 15 ಸಲ ಮಿಟುಕುವ ರೆಪ್ಪೆ ಆಗ ಅದರ ಅರ್ಧಕ್ಕೂ ಇಳಿಯಬಹುದು. ಮೊಬೈಲ್ ನೋಡುವವರದೂ ಇದೇ ಪಾಡು.

ಹಿತವಾದ ಬಿಸಿನೀರಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯನ್ನು ಮುಚ್ಚಿದ ರೆಪ್ಪೆಗಳ ಮೇಲೆ 5–10 ನಿಮಿಷ ಇಟ್ಟು, ಬಳಿಕ ಅಂಚನ್ನು ಮೆಲ್ಲಗೆ ನೀವಿ. ಎರಡು ದಿನ ಮಾಡಿ ಬಿಟ್ಟರೆ ಫಲವಿಲ್ಲ, ವಾರಗಟ್ಟಲೆ ಮಾಡಬೇಕು. ಕೃತಕ ಕಣ್ಣೀರಿನ ಹನಿ ದಿನಕ್ಕೆ 4ಕ್ಕಿಂತ ಹೆಚ್ಚು ಸಲ ಬೇಕಾಗುವುದಾದರೆ ಪ್ರಿಸರ್ವೇಟಿವ್ ಇಲ್ಲದ್ದನ್ನು ಕೇಳಿ. ಬಾಯಿ ಒಣಗುವುದು, ಕೀಲುನೋವು ಇದ್ದರೆ ಡಾಕ್ಟರಿಗೆ ತಪ್ಪದೆ ತಿಳಿಸಿ. ಮೂಲ ಬೇರೆಯೇ ಇರಬಹುದು.

ನನಗೆ ಹೆಚ್ಚು ಭಯವಿರುವುದು ಚೀಟಿಯಿಲ್ಲದೆ ತಂದು ಹಾಕುವ ಸ್ಟಿರಾಯ್ಡ್ ಹನಿಯದು. ಕೆಂಪು ಬೇಗ ಇಳಿಯುತ್ತದೆ. ಆದರೆ ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಿ ದೃಷ್ಟಿಯೇ ಹೋಗಬಹುದು. ದಯವಿಟ್ಟು ಕಣ್ಣಿನ ಡಾಕ್ಟರನ್ನು ಕೇಳದೆ ಅದನ್ನು ಹಾಕಬೇಡಿ.