ಮನುಷ್ಯರು ಗೋಡೆಯೊಳಗೆ ಸೇರಿದ ಕಾಶಿ

ಮಳೆಗಾಲ ಮುಗಿದು ಗಂಗೆ ಇಳಿದಾಗ ಕಾಶಿಯ ಘಾಟುಗಳಲ್ಲಿ ದೊಡ್ಡದೊಂದು ಕೆಲಸ ಶುರುವಾಗುತ್ತದೆ. ನದಿ ಬಿಟ್ಟುಹೋದ ಮೆಕ್ಕಲು ಮೆಟ್ಟಿಲುಗಳ ಮೇಲೆ ದಪ್ಪಗೆ ಕೂತಿರುತ್ತದೆ. ಪಂಪು ಹಚ್ಚಿ, ಗಂಗೆಯದೇ ನೀರನ್ನು ಪೈಪಿನಿಂದ ಚಿಮ್ಮಿಸಿ, ಕೆಸರನ್ನು ಮತ್ತೆ ಗಂಗೆಗೇ ನೂಕುತ್ತಾರೆ. ಎಷ್ಟು ತೊಳೆದರೂ ಗೋಡೆಗಳ ಮೇಲಿನ ಗೆರೆ ಹೋಗುವುದಿಲ್ಲ. ಯಾವ ನೆರೆ ಎಲ್ಲಿಯವರೆಗೆ ಏರಿತ್ತು ಎಂಬುದನ್ನು ಚುನಾರದ ಮರಳುಗಲ್ಲು ಲೆಕ್ಕ ಇಟ್ಟುಕೊಂಡಿರುತ್ತದೆ. ಕೆಳಗೆ ಹಸಿರುಗಪ್ಪು, ನಡುವೆ ಮಣ್ಣಿನ ಬೂದು, ಮೇಲೆ ಬಿಸಿಲು ಕುಡಿದ ಕಾವಿ. ರಾಮ್‌ಕುಮಾರ್ ಅವರ ಅರವತ್ತರ ದಶಕದ ಅಮೂರ್ತ ಚಿತ್ರಗಳನ್ನು ನೋಡುವಾಗಲೆಲ್ಲ ನನಗೆ ಈ ಗೋಡೆಗಳೇ ಕಣ್ಣಮುಂದೆ ಬರುತ್ತವೆ.

1960ರಲ್ಲಿ ರಾಮ್‌ಕುಮಾರ್ ಮತ್ತು ಎಂ.ಎಫ್. ಹುಸೇನ್ ಒಟ್ಟಿಗೆ ಕಾಶಿಗೆ ಹೋದರು. ಆತಿಥ್ಯ ಹಿಂದಿ ಕಾದಂಬರಿಕಾರ ಪ್ರೇಮಚಂದರ ಮಗ ಶ್ರೀಪತ್ ರಾಯ್ ಅವರದು. ಈಗ ಕಲಾವಿದರಿಗೆ ‘ರೆಸಿಡೆನ್ಸಿ’ಗಳಿವೆ. ಅರ್ಜಿ, ಆಯ್ಕೆ ಸಮಿತಿ, ಕೊನೆಗೊಂದು ಪ್ರದರ್ಶನ. ಆಗ ಅಂಥದ್ದೇನೂ ಇರಲಿಲ್ಲ. ಉಳಿದುಕೊಳ್ಳಲು ಗೆಳೆಯರ ಮನೆ, ಸುತ್ತಲು ಊರು, ಕೈಯಲ್ಲಿ ಕಾಗದ ಇದ್ದರೆ ಸಾಕಿತ್ತು. ಭಾರತದ ಆಧುನಿಕ ಚಿತ್ರಕಲೆಗೆ ಆ ವಾಸ ಕೊಟ್ಟಷ್ಟನ್ನು ಕೊಟ್ಟ ವ್ಯವಸ್ಥಿತ ಶಿಬಿರ ಇನ್ನೊಂದಿದೆಯೇ ಎಂದು ಯೋಚಿಸಿದ್ದೇನೆ. ನನಗೆ ಹೊಳೆದಿಲ್ಲ.

ರಾಮ್‌ಕುಮಾರ್ ಹುಟ್ಟಿದ್ದು 1924ರಲ್ಲಿ, ಶಿಮ್ಲಾದಲ್ಲಿ. ಓದಿದ್ದು ಅರ್ಥಶಾಸ್ತ್ರ. ಬ್ಯಾಂಕಿನ ಕೆಲಸ ಬಿಟ್ಟು ಪ್ಯಾರಿಸ್ಸಿಗೆ ಹೋಗಿ ಆಂದ್ರೆ ಲೋತ್, ಫೆರ್ನಾಂ ಲೆಜೆ ಅವರ ಬಳಿ ಚಿತ್ರಕಲೆ ಕಲಿತವರು. ಹಿಂದಿಯಲ್ಲಿ ಕಥೆಗಾರರೂ ಹೌದು. ಕಾದಂಬರಿಕಾರ ನಿರ್ಮಲ್ ವರ್ಮಾ ಇವರ ತಮ್ಮ. ಐವತ್ತರ ದಶಕದ ಇವರ ಚಿತ್ರಗಳ ತುಂಬ ಮನುಷ್ಯರೇ. ಕೆಲಸವಿಲ್ಲದ ಯುವಕರು, ಸೊರಗಿದ ಮುಖದ ನಗರವಾಸಿಗಳು, ಅವರ ಬೆನ್ನಿಗೆ ಒತ್ತಿಕೊಂಡು ನಿಂತ ಮನೆಗಳು. ಒಬ್ಬರ ಕಣ್ಣು ಇನ್ನೊಬ್ಬರನ್ನು ಸಂಧಿಸುವುದಿಲ್ಲ.

ಕಾಶಿಯಿಂದ ಬಂದ ಮೇಲೆ ಈ ಮನುಷ್ಯರು ಕಾಣೆಯಾದರು.

ರಾಮ್‌ಕುಮಾರ್ ಅವರೇ ನೆನಪಿಸಿಕೊಂಡಿರುವಂತೆ, ಕಾಶಿ ತಲುಪಿದಾಗ ನಡುಚಳಿಗಾಲ, ತಡರಾತ್ರಿ. ಮಂಕು ದೀಪದ ಓಣಿಗಳಲ್ಲಿ ನಾಯಿಗಳ ಊಳು ಬಿಟ್ಟರೆ ಸದ್ದಿಲ್ಲ. ಸತ್ತವರು, ಸಾಯುತ್ತಿರುವವರು ಮಾತ್ರ ಇರುವ ಊರಿದು ಎನ್ನಿಸಿತಂತೆ. ಬೆಳಗಾದ ಮೇಲೆ ಘಾಟುಗಳ ಜನಸಾಗರದಲ್ಲಿ ಅವರಿಗೆ ಕಂಡ ಮುಖಗಳು ನೋವಿನ ಗುರುತು ಹೊತ್ತ ಮುಖವಾಡಗಳು. ಪಾಳುಬಿದ್ದ ಮನೆಗಳಿಂದ ಹೊರಚಾಚಿದ ಬಾಗಿಲು, ಕಿಟಕಿ, ಕಲ್ಲುಗಳಿಗೂ ಆ ಮುಖಗಳಿಗೂ ಹೋಲಿಕೆ ಕಂಡಿತು ಎಂದು ಅವರು ಹೇಳಿಕೊಂಡಿದ್ದಾರೆ.

ನನಗೆ ಇದೇ ಬೀಗದ ಕೈ. ಮುಖ ಮತ್ತು ಕಿಟಕಿ ಒಂದೇ ಎಂದು ಕಂಡಮೇಲೆ ಮುಖವನ್ನು ಬೇರೆಯಾಗಿ ಬರೆಯುವ ಅಗತ್ಯ ಎಲ್ಲಿ ಉಳಿಯಿತು? ಮೊದಮೊದಲ ಕಾಶಿ ಚಿತ್ರಗಳಲ್ಲಿ ಒಂದರ ಮೇಲೊಂದು ಹತ್ತಿದ ಮನೆಗಳ ಗುರುತು ಹತ್ತುತ್ತದೆ, ಕಿಟಕಿಗಳು ಕಪ್ಪು ಚೌಕಗಳಾಗಿ ತೆರೆದಿರುತ್ತವೆ. ದಶಕ ಸರಿದಂತೆ ಚೌಕಗಳು ಕರಗಿ, ಗೋಡೆ ಯಾವುದು ನದಿ ಯಾವುದು ಎಂದು ತಿಳಿಯದ ಬಣ್ಣದ ಹಾಳೆಗಳಷ್ಟೇ ಉಳಿಯುತ್ತವೆ. ಈ ಚಿತ್ರಗಳಲ್ಲಿ ಶಾಂತಿ ಕಂಡವರು, ಮೋಕ್ಷ ಕಂಡವರು ಇದ್ದಾರೆ. ನನಗೆ ಕಾಣುವುದು ದುಃಖ. ಒಂದು ಮುಖದ ಪಾಲಾಗಲು ಒಪ್ಪದೆ ಇಡೀ ಊರಿಗೆ ಹರಡಿಕೊಂಡ ದುಃಖ.

ರಾಮ್‌ಕುಮಾರ್ ಅವರ ಕೈಯಲ್ಲಿದ್ದ ಪ್ಯಾಲೆಟ್ ನೈಫನ್ನೂ ಗಮನಿಸಬೇಕು. ಗಾರೆಯವನು ಕರಣೆ ಆಡಿಸುವ ಹಾಗೆ ಅದು ಬಣ್ಣವನ್ನು ಮೆತ್ತುತ್ತದೆ, ಎಳೆಯುತ್ತದೆ, ಕೆರೆದು ಅಡಿಯ ಪದರವನ್ನು ತೋರಿಸುತ್ತದೆ. ಕುಂಚವಾದರೆ ಸವರಿ ನಯ ಮಾಡಿಬಿಡುವ ಅಂಚು ಇಲ್ಲಿ ಒಡಕಾಗಿಯೇ ನಿಲ್ಲುತ್ತದೆ. ಹೆಚ್ಚುಕಡಿಮೆ ಇದೇ ಕಾಲದಲ್ಲಿ ಬಾರ್ಸಿಲೋನಾದಲ್ಲಿ ಆಂತೋನಿ ತಾಪಿಯೆಸ್ ಬಣ್ಣಕ್ಕೆ ಅಮೃತಶಿಲೆಯ ಪುಡಿ, ಮರಳು ಕಲಸಿ, ಗೀರಿ, ಕ್ಯಾನ್ವಾಸನ್ನೇ ಗೋಡೆಯಾಗಿಸುತ್ತಿದ್ದರು. ಅವರ ಕೆಟಲನ್ ಭಾಷೆಯಲ್ಲಿ ‘ತಾಪಿಯಾ’ ಎಂದರೆ ಗೋಡೆ. ಆದರೆ ಅವರದು ಅಂತರ್ಯುದ್ಧ ಕಂಡ ಊರಿನ ಗೋಡೆ, ಮನುಷ್ಯ ಮನುಷ್ಯನಿಗೆ ಮಾಡಿದ ಗಾಯ ಅದರಲ್ಲಿದೆ. ಕಾಶಿಯ ಗೋಡೆಯನ್ನು ಸವೆಸಿದ್ದು ನೀರು ಮತ್ತು ಕಾಲ. ಸಿಂಧಿಯಾ ಘಾಟಿನ ಪಕ್ಕದಲ್ಲಿ ರತ್ನೇಶ್ವರ ಗುಡಿ ವಾಲಿಕೊಂಡೇ ನಿಂತಿದೆ. ನೆರೆ ಬಂದಾಗ ಗರ್ಭಗುಡಿಗೂ ನೀರು ನುಗ್ಗುತ್ತದೆ. ವಾಲಿದ ಗುಡಿಯನ್ನು ಯಾರೂ ಕೆಡವಲಿಲ್ಲ.

ರಾಮ್‌ಕುಮಾರ್ ಮತ್ತೆ ಮತ್ತೆ ಕಾಶಿಗೆ ಮರಳಿದರು. 2018ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಅವರ ಹಿಂದಿ ಕಾದಂಬರಿಯೊಂದರ ಹೆಸರು ‘ಘರ್ ಬನೇ ಘರ್ ಟೂಟೇ’. ಮನೆಗಳು ಎದ್ದವು, ಮನೆಗಳು ಒಡೆದವು. ಚಿತ್ರಗಳಿಗೆ ಮಾತ್ರ ಇಂಥ ಹೆಸರಿಡಲಿಲ್ಲ. ಹಲವಕ್ಕೆ ‘ವಾರಾಣಸಿ’ ಎಂದಷ್ಟೇ ಬರೆದರು, ಎಷ್ಟೋ ಚಿತ್ರಗಳಿಗೆ ಅದೂ ಇಲ್ಲ.

ಕಾಶಿಗೆ ಹೋಗುವ ಕನ್ನಡಿಗರು ಕರ್ನಾಟಕ ಘಾಟಿನಲ್ಲಿ ಒಂದು ಗಳಿಗೆ ನಿಲ್ಲುವುದುಂಟು. ಮೈಸೂರು ಸಂಸ್ಥಾನ ಕಟ್ಟಿಸಿದ ಘಾಟು ಅದು. ಅದರ ನೆರೆಯಲ್ಲೇ ಹರಿಶ್ಚಂದ್ರ ಘಾಟ್, ಚಿತೆಗಳು ಉರಿಯುವ ಜಾಗ. ಗಾಳಿ ಈ ಕಡೆ ತಿರುಗಿದರೆ ಹೊಗೆ ನಮ್ಮ ಮೆಟ್ಟಿಲುಗಳ ಮೇಲೂ ಹಾಯುತ್ತದೆ.